'ವಾಂಟ್' ಎಂದರೆ 'ಬೇಕು' ಎಂದುಕೊಂಡೆವು: ಇಂಗ್ಲಿಷ್ ಪತ್ರಗಳಲ್ಲಿ 'ಇಲ್ಲ' ಎಂಬುದನ್ನು ಓದುವುದು ಹೇಗೆ?

ಕಲ್ಯಾಣಪುರದವಳು (ಭಾನುವಾರ, ರಾತ್ರಿ 8.40)

ಅಮ್ಮನಿಗೆ ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆಯಾಗಿ ನಾಲ್ಕು ತಿಂಗಳಾಯಿತು. ಆಸ್ಪತ್ರೆಯ ಖರ್ಚನ್ನು ನಾವೇ ಕಟ್ಟಿ, ಬಳಿಕ ವಿಮಾ ಕಂಪನಿಗೆ ಬಿಲ್ಲುಗಳನ್ನು ಕಳುಹಿಸಿದ್ದೆವು. ಆರು ವಾರ ಕಳೆದ ಮೇಲೆ ಒಂದು ಪುಟದ ಇಂಗ್ಲಿಷ್ ಪತ್ರ ಬಂತು. ಆಗ ನಾನು ಊರಿನಲ್ಲಿರಲಿಲ್ಲ, ಅಪ್ಪನೇ ಓದಿದರು. ಅವರು ಹಂಚಿನ ಕಾರ್ಖಾನೆಯ ಲೆಕ್ಕದ ಕೋಣೆಯಲ್ಲಿ ಮೂವತ್ತು ವರ್ಷ ದುಡಿದವರು. ಇಂಗ್ಲಿಷ್ ಕಂಡರೆ ಹೆದರುವವರಲ್ಲ.

ಪತ್ರದ ನಡುವೆ ಒಂದು ಸಾಲಿತ್ತು: 'ಕ್ಲೋಸ್ಡ್ ಫಾರ್ ವಾಂಟ್ ಆಫ್ ಇನ್‌ಡೋರ್ ಕೇಸ್ ಪೇಪರ್ಸ್'. ಅಪ್ಪ 'ವಾಂಟ್' ಪದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಅಂಚಿನಲ್ಲಿ 'ಕೇಸ್ ಪೇಪರ್ ಬೇಕಂತೆ' ಎಂದು ಬರೆದಿಟ್ಟಿದ್ದಾರೆ. ಬೇಕಂತೆ ಎಂದ ಮೇಲೆ ತಂದುಕೊಡಬೇಕಲ್ಲ? ಆಸ್ಪತ್ರೆಯ ದಾಖಲೆ ಕೋಣೆಗೆ ಮೂರು ಸಲ ಅಲೆದು, ಅಮ್ಮ ಒಳರೋಗಿಯಾಗಿದ್ದ ದಿನಗಳ ಕಾಗದಗಳ ನಕಲು ಮಾಡಿಸಿ, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಕಂಪನಿಯ ಶಾಖೆಗೆ ಒಯ್ದರು. ಇಷ್ಟಕ್ಕೆ ಇಪ್ಪತ್ತನಾಲ್ಕು ದಿನ ಹಿಡಿಯಿತು. ಅಲ್ಲಿ ಕೌಂಟರಿನಲ್ಲಿದ್ದವರು ಪತ್ರ ನೋಡಿ, "ಇದು ಮುಚ್ಚಿ ಹೋದ ಕಡತ. ಈಗ ಕಾಗದ ಕೇಳಿದವರು ಯಾರು?" ಎಂದರಂತೆ.

ಅಪ್ಪ ಆ ಲಕೋಟೆಯನ್ನು ಹಾಗೆಯೇ ಮನೆಗೆ ತಂದು ಮೇಜಿನ ಮೇಲಿಟ್ಟಿದ್ದಾರೆ. ನನಗೆ ಫೋನು ಕೂಡ ಮಾಡಲಿಲ್ಲ. 'ನನಗೆ ಓದಲು ಬರಲಿಲ್ಲ' ಎಂದು ಎರಡು ದಿನ ಅದನ್ನೇ ಹೇಳುತ್ತಿದ್ದರೆಂದು ಅಮ್ಮ ಹೇಳಿದರು. ನನಗೆ ಸಂಕಟವಾಗುತ್ತಿರುವುದು ಅದಕ್ಕೆ.

ಒಂದು ವಸ್ತು ಇಲ್ಲ ಎನ್ನಲು ಇಂಗ್ಲಿಷ್ ಪತ್ರಗಳು ಬಯಕೆಯ ಪದವನ್ನು ಏಕೆ ಬಳಸುತ್ತವೆ? ಹೀಗೆ ದಾರಿ ತಪ್ಪಿಸುವ ಬೇರೆ ಪದಗಳೂ ಇವೆಯೇ? ಈಗ ಉತ್ತರ ಬರೆಯಬೇಕಾದವಳು ನಾನು. ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಕದ್ರಿ ಗುಡ್ಡೆ (ರಾತ್ರಿ 8.52)

ಇಲ್ಲಿ 'ವಾಂಟ್' ಎಂದರೆ ಕೊರತೆ. ಕಾಗದಗಳು ಇಲ್ಲದ ಕಾರಣ ಕಡತ ಮುಚ್ಚಿದ್ದೇವೆ ಎಂದು ಅರ್ಥ. ನಿಮ್ಮ ತಂದೆಯವರದು ತಪ್ಪಲ್ಲ. ನನ್ನ ಬ್ಯಾಂಕಿನ ದಿನಗಳಲ್ಲಿ ಎಷ್ಟೋ ಪದವೀಧರರೂ ಹೀಗೆಯೇ ಓದಿದ್ದನ್ನು ಕಂಡಿದ್ದೇನೆ.

ಹಂಪನಕಟ್ಟೆ ವಕೀಲೆ (ರಾತ್ರಿ 9.30)

ಕಲ್ಯಾಣಪುರದವರೇ, ಮೊದಲು ಧೈರ್ಯದ ಮಾತು. ಪತ್ರದಲ್ಲಿ 'ಕ್ಲೋಸ್ಡ್' ಎಂದಿದೆಯೇ, 'ರಿಪ್ಯುಡಿಯೇಟೆಡ್' ಎಂದಿದೆಯೇ ಎಂದು ಇನ್ನೊಮ್ಮೆ ನೋಡಿ. ಎರಡನೆಯದಾದರೆ ಅವರು ನಿಮ್ಮ ಹಕ್ಕನ್ನೇ ನಿರಾಕರಿಸಿದಂತೆ. ಮೊದಲನೆಯದಾದರೆ ಅವರು ಒಳಹೊಕ್ಕು ವಿಚಾರಿಸಿಯೇ ಇಲ್ಲ, ಕಾಗದ ಕಾಣಲಿಲ್ಲವೆಂದು ಕಟ್ಟಿ ಕಪಾಟಿಗೆ ಸೇರಿಸಿದ್ದಾರೆ ಅಷ್ಟೆ. 'ಫಾರ್ ವಾಂಟ್ ಆಫ್' ಎಂಬ ಮಾತು ನಿಮ್ಮ ಪರವಾಗಿಯೇ ನಿಲ್ಲುತ್ತದೆ. ಏಕೆಂದರೆ ಅವರು ಕೊಟ್ಟಿರುವ ಕಾರಣ ಅದೊಂದೇ, ಆ ಒಂದು ಕೊರತೆ ತುಂಬಿದರೆ ಕಾರಣವೂ ಇಲ್ಲವಾಗುತ್ತದೆ.

ಇದು ನ್ಯಾಯಾಲಯದಿಂದ ಕಚೇರಿಗಳಿಗೆ ಇಳಿದು ಬಂದ ಭಾಷೆ. ನಮ್ಮಲ್ಲಿ 'ವಾಂಟ್ ಆಫ್ ಜೂರಿಸ್‌ಡಿಕ್ಷನ್' ಎಂದರೆ ನ್ಯಾಯಾಲಯಕ್ಕೆ ಆ ಅಧಿಕಾರವ್ಯಾಪ್ತಿ ಇಲ್ಲ ಎಂದು. 'ವಾಂಟ್ ಆಫ್ ಎವಿಡೆನ್ಸ್' ಎಂದರೆ ಸಾಕ್ಷ್ಯಾಧಾರಗಳ ಕೊರತೆ. ಕನ್ನಡ ಪತ್ರಿಕೆಗಳಲ್ಲಿ 'ಸಾಕ್ಷ್ಯಾಧಾರಗಳ ಕೊರತೆಯಿಂದ ಖುಲಾಸೆ' ಎಂದು ಓದುತ್ತೇವಲ್ಲ, ಅದೇ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಕರೆದ ದಿನ ವಾದಿ ಹಾಜರಾಗದಿದ್ದರೆ ದಾವೆ 'ಡಿಫಾಲ್ಟ್' ಕಾರಣಕ್ಕೆ ವಜಾ ಆಗುತ್ತದೆ. ಗೈರುಹಾಜರಿಗೆ ತಕ್ಕ ಕಾರಣ ತೋರಿಸಿದರೆ ಅದೇ ದಾವೆಯನ್ನು ಮತ್ತೆ ತೆರೆಯಿಸಬಹುದು. ಇಲ್ಲದಿರುವುದಕ್ಕೂ ಸೋತಿರುವುದಕ್ಕೂ ಕಾನೂನಿನಲ್ಲಿ ಅಷ್ಟು ಅಂತರವಿದೆ. ನಿಮ್ಮ ಕಂಪನಿ ನ್ಯಾಯಾಲಯವಲ್ಲ ನಿಜ, ಆದರೆ ಅದು ಬರೆದ ಮಾತಿನ ಹುಟ್ಟು ಅಲ್ಲಿಯದು.

ಹಾಗಾಗಿ ಕಾಗದಗಳನ್ನು ಜೊತೆಗಿಟ್ಟು, ಕಡತ ಮತ್ತೆ ತೆರೆಯಿರಿ ಎಂದು ಲಿಖಿತವಾಗಿ ಕೇಳಿ. ಬಾಯಿಮಾತು ಬೇಡ. ಅವರು ತಿರಸ್ಕರಿಸಿದರೆ ಅಥವಾ ಒಂದು ತಿಂಗಳು ಉತ್ತರಿಸದೇ ಇದ್ದರೆ ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ವಿಮಾ ಲೋಕಪಾಲರ (ಓಂಬುಡ್ಸ್‌ಮನ್) ಬಳಿಗೆ ಹೋಗುವ ದಾರಿ ತೆರೆದಿದೆ. ಅದಕ್ಕೆ ಒಂದು ವರ್ಷದ ಗಡುವಿದೆ, ನಿಮಗೆ ಸಮಯವಿದೆ.

ಅಜ್ಜರಕಾಡು ಮೇಷ್ಟ್ರು (ರಾತ್ರಿ 10.15)

ತಂಗಿ, ನಿಮ್ಮ ತಂದೆಯವರಿಗೆ ನನ್ನ ಕಡೆಯಿಂದ ಒಂದು ಮಾತು ಹೇಳಿ: ಅವರು ಓದಿದ್ದು ಇಂದಿನ ಇಂಗ್ಲಿಷ್, ಕಂಪನಿ ಬರೆದದ್ದು ಹಿಂದಿನ ಇಂಗ್ಲಿಷ್. ನೀವು ಕೇಳಿದ ಪ್ರಶ್ನೆ ತಲೆಕೆಳಗಾಗಿದೆ. ಬಯಕೆಯ ಪದವನ್ನು ಕೊರತೆಗೆ ಬಳಸಿದ್ದಲ್ಲ, ಕೊರತೆಯ ಪದವೇ ಬಯಕೆಗೆ ಹೋಯಿತು. 'ವಾಂಟ್' ಇಂಗ್ಲಿಷಿಗೆ ಬಂದದ್ದು ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯಿಂದ. ಅಲ್ಲಿ 'ವಾಂಟ' ಎಂದರೆ ಇಲ್ಲದಿರು, ಕಡಿಮೆಯಾಗು. ಇಲ್ಲದ್ದನ್ನು ತಾನೇ ಮನುಷ್ಯ ಬಯಸುವುದು? ಹಾಗೆ ನಿಧಾನವಾಗಿ 'ಬಯಸು' ಎಂಬ ಅರ್ಥ ಮುಂದೆ ಬಂತು, ಮೊದಲಿನ ಅರ್ಥ ಕಾನೂನು ಮತ್ತು ಕಚೇರಿಯ ಬರವಣಿಗೆಯಲ್ಲಿ ಉಳಿದುಕೊಂಡಿತು.

ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ನಾನು ಒಂದು ಪದಗುಚ್ಛವನ್ನು ಅನುವಾದಕ್ಕೆ ಕೊಡುತ್ತಿದ್ದೆ: 'ಫ್ರೀಡಮ್ ಫ್ರಮ್ ವಾಂಟ್'. 1941ರ ಜನವರಿ 6ರಂದು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ತಮ್ಮ ಭಾಷಣದಲ್ಲಿ ಹೇಳಿದ ನಾಲ್ಕು ಸ್ವಾತಂತ್ರ್ಯಗಳಲ್ಲಿ ಇದೊಂದು. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಒಪ್ಪಿಕೊಂಡ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಪೀಠಿಕೆಯಲ್ಲೂ ಭಯ ಮತ್ತು 'ವಾಂಟ್' ಎರಡರಿಂದಲೂ ಬಿಡುಗಡೆಯ ಮಾತಿದೆ. ಪ್ರತಿ ವರ್ಷವೂ ತರಗತಿಯ ಅರ್ಧದಷ್ಟು ಮಕ್ಕಳು 'ಆಸೆಯಿಂದ ಬಿಡುಗಡೆ' ಎಂದು ಬರೆದು ತರುತ್ತಿದ್ದರು. ರೂಸ್‌ವೆಲ್ಟ್ ಹೇಳಿದ್ದು ಹಸಿದವನಿಗೆ ಅನ್ನ ಸಿಗಬೇಕು ಎಂದು. ಅನುವಾದದಲ್ಲಿ ಅದು, ಹಸಿದವನು ಅನ್ನದ ಆಸೆಯನ್ನೇ ಬಿಡಬೇಕು ಎಂದಾಗುತ್ತಿತ್ತು. ಒಂದು ಪದ ಇಷ್ಟು ಅನ್ಯಾಯ ಮಾಡಬಲ್ಲುದು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಕೊರತೆಗೆ ಇಂಗ್ಲಿಷಿನಲ್ಲಿ ಪದಗಳ ರಾಶಿಯೇ ಇದೆ. ಮಕ್ಕಳು ಅವನ್ನು ಸಮಾನಾರ್ಥಕ ಪದಗಳೆಂದು ಬಾಯಿಪಾಠ ಮಾಡುತ್ತಾರೆ, ತಪ್ಪಾಗುವುದು ಅಲ್ಲೇ. ಪ್ರತಿಯೊಂದು ಪದವೂ 'ಇಲ್ಲ' ಎನ್ನುವುದರ ಜೊತೆಗೆ ಇನ್ನೊಂದು ಸಂಗತಿಯನ್ನು ಪಿಸುಗುಟ್ಟುತ್ತದೆ. 'ಆಬ್ಸೆನ್ಸ್' ಬರೀ ಇಲ್ಲ ಎನ್ನುತ್ತದೆ, ಯಾರನ್ನೂ ದೂರುವುದಿಲ್ಲ. 'ಲ್ಯಾಕ್' ಎಂದರೆ ಇರಬೇಕಾಗಿತ್ತು, ಇಲ್ಲ. 'ಶಾರ್ಟೇಜ್' ಎಂದರೆ ಇದೆ, ಸಾಲದು. 'ಡಿಫಿಷಿಯನ್ಸಿ' ಎಂದರೆ ಇಷ್ಟಿರಬೇಕೆಂದು ಮೊದಲೇ ಒಂದು ಅಳತೆ ಇದೆ, ಅದನ್ನು ಮುಟ್ಟಿಲ್ಲ. 'ಬಿರೆಫ್ಟ್' ಎಂದರೆ ಇತ್ತು, ಕಸಿದುಹೋಯಿತು. ಅದರ ಮೂಲ ಕ್ರಿಯಾಪದಕ್ಕೆ ದೋಚು ಎಂದೇ ಅರ್ಥ. ಎಂದೂ ಹಣ ಕಾಣದವನನ್ನು ಹಣದಿಂದ 'ಬಿರೆಫ್ಟ್' ಎನ್ನಲಾಗದು. 'ಫೇಲ್ಯೂರ್ ಟು' ಎಂದರೆ ಮಾಡಬೇಕಾದವನು ಮಾಡಲಿಲ್ಲ, ಬೆರಳು ನೇರವಾಗಿ ಒಬ್ಬರತ್ತ ತಿರುಗಿದೆ.

ನಮ್ಮ ನೀರಿನ ಮಾತನ್ನೇ ನೋಡಿ. ಬೇಸಿಗೆಯಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲೋ ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನಲ್ಲೋ ಮಟ್ಟ ಇಳಿದರೆ ಅದು 'ಶಾರ್ಟೇಜ್'. ಅಣೆಕಟ್ಟಿನಲ್ಲಿ ನೀರಿದ್ದೂ ನಮ್ಮ ಬೀದಿಯ ನಳ್ಳಿಗೆ ನಾಲ್ಕು ದಿನ ಬಾರದಿದ್ದರೆ ಅದು ಪೂರೈಕೆಯ 'ಫೇಲ್ಯೂರ್'. ಮನವಿಯಲ್ಲಿ ಮೊದಲನೆಯದನ್ನು ಬರೆದರೆ ಮಳೆಯ ಕಡೆ ಕೈ ತೋರಿಸಿ ಕುಳಿತುಬಿಡುತ್ತಾರೆ. ಎರಡನೆಯದನ್ನು ಬರೆದರೆ ಯಾರಾದರೊಬ್ಬರು ಉತ್ತರಿಸಬೇಕಾಗುತ್ತದೆ.

ಕೊಣಾಜೆ ಸಂಶೋಧಕ (ಸೋಮವಾರ, ಬೆಳಿಗ್ಗೆ 7.20)

ಮೇಷ್ಟ್ರೇ, ನಿಮ್ಮ ಮಾತು ಓದಿ ನನ್ನ ಮಾರ್ಗದರ್ಶಕರ ಕೆಂಪು ಶಾಯಿಯ ಅರ್ಥ ಈಗ ತಿಳಿಯಿತು. ಯಕ್ಷಗಾನದ ಬಡಗುತಿಟ್ಟಿನ ಮದ್ದಳೆಯ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಪೀಠಿಕೆಯಲ್ಲಿ ಈ ವಿಷಯದಲ್ಲಿ ಅಧ್ಯಯನಗಳ 'ಲ್ಯಾಕ್' ಇದೆ ಎಂದು ಬರೆದಿದ್ದೆ. ಅವರು ಸುತ್ತು ಹಾಕಿ, 'ಇಲ್ಲವೆಂದು ನಿನಗೆ ಹೇಗೆ ಗೊತ್ತು?' ಎಂದು ಕೇಳಿದ್ದರು. ಬದಲಿಗೆ 'ಪಾಸಿಟಿ' ಎಂದು ಹಾಕಿದೆ. ಮತ್ತೆ ಸುತ್ತು. 'ಡರ್ತ್' ಎಂದು ಹಾಕಿದೆ. ಮೂರನೆಯ ಸುತ್ತು. ದೊಡ್ಡ ಪದ ಸಿಕ್ಕಷ್ಟೂ ಬರವಣಿಗೆಗೆ ತೂಕ ಬರುತ್ತದೆ ಎಂದುಕೊಂಡಿದ್ದೆ.

ಅಜ್ಜರಕಾಡು ಮೇಷ್ಟ್ರು (ಬೆಳಿಗ್ಗೆ 8.05)

ನಿಮ್ಮ ಮಾರ್ಗದರ್ಶಕರು ಒಳ್ಳೆಯವರು, ಅವರನ್ನು ಬಿಡಬೇಡಿ. 'ಪಾಸಿಟಿ' ಲ್ಯಾಟಿನ್ನಿನ 'ಕೆಲವೇ' ಎಂಬ ಪದದಿಂದ ಬಂದದ್ದು. ಹಾಗಾದರೆ ಆ ಕೆಲವು ಅಧ್ಯಯನಗಳು ಯಾವುವು ಎಂದು ಮುಂದಿನ ಸಾಲಿನಲ್ಲೇ ಹೆಸರಿಸಬೇಕು. ಹೆಸರಿಸದೆ ಆ ಪದ ಬಳಸುವುದು ಲೆಕ್ಕ ತೋರಿಸದೆ ಮೊತ್ತ ಬರೆದಂತೆ.

'ಡರ್ತ್' ಬಗ್ಗೆ ಹೇಳಲೇಬೇಕು. 'ಡಿಯರ್' ಎಂದರೆ ದುಬಾರಿ ಎಂಬ ಅರ್ಥವೂ ಇದೆಯಲ್ಲ, ಅದರಿಂದ ಹುಟ್ಟಿದ ಪದವಿದು. ಧಾನ್ಯ ತುಟ್ಟಿಯಾಗಿ ಜನ ಹಸಿದು ಸಾಯುವ ಕಾಲವೇ 'ಡರ್ತ್'. ನಮ್ಮ 'ದುರ್ಭಿಕ್ಷ' ಪದವನ್ನು ಬಿಡಿಸಿ ನೋಡಿ: ಭಿಕ್ಷೆಯೂ ಸಿಗದ ಕಾಲ. ಒಂದು ಭಾಷೆ ಬರಗಾಲವನ್ನು ಅಂಗಡಿಯ ಬಾಗಿಲಲ್ಲಿ ನಿಂತು ನೋಡಿತು, ಇನ್ನೊಂದು ಮನೆಯ ಬಾಗಿಲಲ್ಲಿ ನಿಂತು ನೋಡಿತು. ಹಸಿವಿನ ನೆನಪಿರುವ ಇಂಥ ಪದವನ್ನು ಮದ್ದಳೆಯ ಅಧ್ಯಯನಗಳಿಗೆ ತರುವುದು ನನಗೂ ಸರಿ ಕಾಣುವುದಿಲ್ಲ.

ನಿಮಗೆ ಬೇಕಾದದ್ದು ಬಹಳ ಚಿಕ್ಕ ಪದ: 'ಲಿಟಲ್'. ಒಂದೇ ಎಚ್ಚರಿಕೆ. 'ಎ ಲಿಟಲ್' ಎಂದರೆ ಸ್ವಲ್ಪವಾದರೂ ಇದೆ. ಆ 'ಎ' ತೆಗೆದು ಬರೀ 'ಲಿಟಲ್' ಎಂದರೆ ಇಲ್ಲವೆಂಬಷ್ಟು ಕಡಿಮೆ. 'ಎ ಫ್ಯೂ' ಮತ್ತು 'ಫ್ಯೂ' ನಡುವೆಯೂ ಇದೇ ಅಂತರ. ಒಂದಕ್ಷರ ಬಿಟ್ಟುಹೋದರೆ ಇದ್ದದ್ದು ಇಲ್ಲವಾಗುತ್ತದೆ. ಇಂಗ್ಲಿಷಿನ ಗಂಭೀರ ಬರಹಗಳಲ್ಲಿ ಕೊರತೆಯನ್ನು ಅತಿ ಹೆಚ್ಚು ಹೇಳುವುದು ಈ ಪುಟ್ಟ ಪದಗಳೇ, ಕೋಶದಿಂದ ಹೆಕ್ಕಿ ತಂದವುಗಳಲ್ಲ.

ಇನ್ನೂ ಒಂದು. 'ಲ್ಯಾಕ್' ಕ್ರಿಯಾಪದವಾದಾಗ 'ಆಫ್' ಸೇರಿಸಬೇಡಿ. ನಾಮಪದವಾದಾಗ ಮಾತ್ರ 'ಲ್ಯಾಕ್ ಆಫ್'. ನಾನು ತಿದ್ದಿದ ಉತ್ತರಪತ್ರಿಕೆಗಳಲ್ಲಿ ಅತಿ ಹೆಚ್ಚು ಕಂಡ ತಪ್ಪು ಇದು.

ಮಲ್ಪೆ ಲ್ಯಾಬ್ (ಬೆಳಿಗ್ಗೆ 10.40)

ನಾನು ಮೀನು ರಫ್ತು ಮಾಡುವ ಘಟಕವೊಂದರ ಪರೀಕ್ಷಾಲಯದಲ್ಲಿದ್ದೇನೆ. 'ಇಲ್ಲವೆಂದು ನಿನಗೆ ಹೇಗೆ ಗೊತ್ತು?' ಎಂಬ ಪ್ರಶ್ನೆಯೇ ನಮ್ಮ ದಿನನಿತ್ಯದ ಕೆಲಸ.

ಹೆಪ್ಪುಗಟ್ಟಿಸಿದ ಸಿಗಡಿಯ ಒಂದು ಬ್ಯಾಚಿನಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಕಾರಕ ಬ್ಯಾಕ್ಟೀರಿಯಾ ಇಲ್ಲ ಎಂದು ವರದಿ ಕೊಡಬೇಕು. ಆದರೆ ಇಡೀ ಬ್ಯಾಚನ್ನು ಪರೀಕ್ಷಿಸಲಾಗದು, ಪರೀಕ್ಷಿಸಿದ ಸಿಗಡಿಯನ್ನು ಮಾರಲೂ ಆಗದು. ಆದ್ದರಿಂದ ಮಾದರಿಯಿಂದ 25 ಗ್ರಾಂ ತೂಗಿ ತೆಗೆಯುತ್ತೇವೆ, ಪೋಷಕ ದ್ರಾವಣದಲ್ಲಿ ಬೆಳೆಯಲು ಬಿಡುತ್ತೇವೆ, ಬಳಿಕ ತಟ್ಟೆಗಳಿಗೆ ಸವರಿ ನೋಡುತ್ತೇವೆ. ವರದಿಯಲ್ಲಿ 'ಆಬ್ಸೆಂಟ್ ಇನ್ 25 ಗ್ರಾಮ್ಸ್' ಎಂದು ಬರೆಯುತ್ತೇವೆ. ಆ 25 ಗ್ರಾಂ ಎಂಬುದನ್ನು ಬಿಟ್ಟು ಬರೆದರೆ ವರದಿ ಸುಳ್ಳಾಗುತ್ತದೆ. ನಾವು ನೋಡಿದಷ್ಟರಲ್ಲಿ ಮಾತ್ರ ಅದು ಇಲ್ಲ.

ಪ್ರತಿಜೀವಕಗಳ (ಆಂಟಿಬಯೋಟಿಕ್) ಉಳಿಕೆ ನೋಡುವಾಗ ಇನ್ನೂ ಬಿಗಿ. ಅಲ್ಲಿ ಇಲ್ಲ ಎಂದು ಬರೆಯುವುದೇ ಇಲ್ಲ, 'ನಾಟ್ ಡಿಟೆಕ್ಟೆಡ್' ಎಂದು ಬರೆದು, ನಮ್ಮ ಯಂತ್ರ ಎಷ್ಟು ಸಣ್ಣ ಪ್ರಮಾಣದವರೆಗೆ ಗುರುತಿಸಬಲ್ಲುದು ಎಂಬುದನ್ನೂ ನಮೂದಿಸುತ್ತೇವೆ. 'ಇಲ್ಲ' ಎನ್ನುವುದಕ್ಕೂ 'ಕಾಣಲಿಲ್ಲ' ಎನ್ನುವುದಕ್ಕೂ ನಡುವೆ ನಮ್ಮ ಇಡೀ ವೃತ್ತಿ ನಿಂತಿದೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು 'ನಿಲ್' ಎಂದು ಬರೆದಾಗ ನಮ್ಮ ಹಿರಿಯರು ವರದಿಯನ್ನೇ ಹಿಂದಕ್ಕೆ ಕೊಟ್ಟಿದ್ದರು.

ಕಲ್ಯಾಣಪುರದ ಅಕ್ಕ, ನಿಮ್ಮ ಕಂಪನಿಯೂ ಹೀಗೆ ಬರೆಯಬೇಕಿತ್ತು. ಅವರ ಬಳಿ ಕಾಗದ 'ಕಾಣಲಿಲ್ಲ'. ಕಾಗದವಂತೂ ಆಸ್ಪತ್ರೆಯಲ್ಲಿ ಇತ್ತಲ್ಲ.

ಬಿಜೈ ಮನೆ (ಬೆಳಿಗ್ಗೆ 11.10)

ಜಾಗದ ಮೇಲಿನ ನೋಂದಾಯಿತ ವ್ಯವಹಾರಗಳನ್ನು ತಿಳಿಸುವ, ಸಬ್‌ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರವೂ (ಇ.ಸಿ.) ಹೀಗೆಯೇ. ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಆ 'ನಿಲ್' ಕೂಡ ನಾವು ಹುಡುಕಲು ಕೊಟ್ಟ ವರ್ಷಗಳಿಗೆ ಮಾತ್ರ. ಜಾಗ ಕೊಳ್ಳುವವರು ಇದನ್ನು ನೆನಪಿಡಬೇಕು.

ಸುರತ್ಕಲ್ ನಿವೃತ್ತ (ಮಧ್ಯಾಹ್ನ 1.25)

ಎಲ್ಲರೂ ಚೆನ್ನಾಗಿ ಬರೆಯುತ್ತಿದ್ದೀರಿ, ಆದರೆ ನನಗೆ ಸಿಟ್ಟು ಬರುತ್ತಿದೆ ಮಾರಾಯರೇ. ಆ ಪದದ ಹುಟ್ಟು ಎಲ್ಲಿಯದಾದರೂ ಇರಲಿ. ಪತ್ರ ಹೋಗುತ್ತಿರುವುದು ಉಡುಪಿಯ ಒಬ್ಬ ಹಿರಿಯರಿಗೆ. 'ಒಳರೋಗಿ ದಾಖಲೆಗಳು ನಮಗೆ ತಲುಪಿಲ್ಲ. ಆದ್ದರಿಂದ ಕಡತ ಮುಚ್ಚಿದ್ದೇವೆ. ಕಳುಹಿಸಿದರೆ ಮತ್ತೆ ತೆರೆಯುತ್ತೇವೆ.' ಮೂರು ಸಾಲು. ಇದನ್ನು ಇಂಗ್ಲಿಷಿನಲ್ಲೇ ಬರೆಯಲಿ, ಐದನೆಯ ತರಗತಿಯ ಇಂಗ್ಲಿಷಿನಲ್ಲಿ ಬರೆಯಲಿ. ಯಾರಿಗೆ ನಷ್ಟ?

ನನಗೆ ಅನ್ನಿಸುವುದು ಇಷ್ಟು. 'ವಾಂಟ್ ಆಫ್ ಪೇಪರ್ಸ್' ಎಂದ ಕೂಡಲೇ ಮನುಷ್ಯರು ಮಾಯವಾಗುತ್ತಾರೆ. ಕಾಗದ ಯಾರು ಕೊಡಬೇಕಿತ್ತು? ಕೇಳಿದ್ದು ಯಾರು, ಯಾವಾಗ ಕೇಳಿದ್ದು? ಒಂದಕ್ಕೂ ಉತ್ತರವಿಲ್ಲ. ಕೊರತೆ ತಾನಾಗಿಯೇ ಆಕಾಶದಿಂದ ಬಿದ್ದಂತೆ ಕೂತಿದೆ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಬರೆಯುವುದು ಕಚೇರಿಗಳಿಗೆ ಅನುಕೂಲ, ಅದಕ್ಕೇ ಈ ಪದಗಳು ಸಾಯುತ್ತಿಲ್ಲ.

ಹಂಪನಕಟ್ಟೆ ವಕೀಲೆ (ಮಧ್ಯಾಹ್ನ 2.10)

ನಿಮ್ಮ ಸಿಟ್ಟು ನ್ಯಾಯವಾದದ್ದು. ಗ್ರಾಹಕರಿಗೆ ಬರೆಯುವ ಪತ್ರದಲ್ಲಿ ಈ ಭಾಷೆಗೆ ಜಾಗವಿಲ್ಲ ಎಂದು ನಾನೂ ಒಪ್ಪುತ್ತೇನೆ. ಆದರೆ ಕೆಲವು ಕಡೆ ಈ ಪದಗಳನ್ನು ಬಿಟ್ಟರೆ ನಮಗೇ ನಷ್ಟ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 'ಡಿಫಿಷಿಯನ್ಸಿ' ಎಂಬುದಕ್ಕೆ ವ್ಯಾಖ್ಯೆಯಿದೆ. ಕನ್ನಡದಲ್ಲಿ ಸೇವಾ ನ್ಯೂನತೆ ಎನ್ನುತ್ತೇವೆ. ಕಾನೂನಿನ ಪ್ರಕಾರ ಇರಬೇಕಾದ ಗುಣಮಟ್ಟದಲ್ಲಿ ಯಾವುದೇ ದೋಷ, ಅಪೂರ್ಣತೆ, ಕುಂದು, ಸಾಲದಿರುವಿಕೆ ಕಂಡರೂ ಅದು ನ್ಯೂನತೆ. ನೀವು ದೂರಿನಲ್ಲಿ 'ಅವರ ಸೇವೆ ಚೆನ್ನಾಗಿಲ್ಲ' ಎಂದು ಪುಟಗಟ್ಟಲೆ ಬರೆಯಬಹುದು. ಗ್ರಾಹಕ ಆಯೋಗ ಹುಡುಕುವುದು ಆ ಒಂದು ಪದವನ್ನು, ಅದರ ಹಿಂದಿನ ಸಂಗತಿಗಳನ್ನು. ಹಾಗೆಯೇ 1872ರ ಕರಾರು ಕಾಯ್ದೆಯಲ್ಲಿ ಪ್ರತಿಫಲವಿಲ್ಲದ ಒಪ್ಪಂದ ಅನೂರ್ಜಿತ ಎಂದಿರುವಲ್ಲಿ 'ವಿದೌಟ್' ಎಂಬ ಸಾದಾ ಪದವೇ ಇದೆ. ಕಾನೂನು ಯಾವಾಗಲೂ ಕಠಿಣ ಪದವನ್ನೇ ಹುಡುಕುವುದಿಲ್ಲ.

ಬಲ್ಮಠ ಕರಡಚ್ಚು (ಸಂಜೆ 4.45)

ನಲವತ್ತು ವರ್ಷ ಕರಡು ತಿದ್ದಿದವನು ನಾನು, ಕನ್ನಡದ ಕಡೆಯಿಂದಲೂ ಒಂದು ಮಾತು ಇರಲಿ.

ಇಂಗ್ಲಿಷಿಗೆ ಇಷ್ಟೊಂದು ಕೊರತೆಯ ನಾಮಪದಗಳು ಬೇಕಾದದ್ದು ಏಕೆ ಎಂದು ನನಗೆ ಅನ್ನಿಸುತ್ತಿತ್ತು. ನಮ್ಮಲ್ಲಿ 'ಇಲ್ಲ' ಎಂಬುದೇ ವಾಕ್ಯವನ್ನು ಮುಗಿಸಬಲ್ಲ ಮಾತು. 'ನೀರಿಲ್ಲ', ಮುಗಿಯಿತು. ಇಂಗ್ಲಿಷಿನ 'ನಾಟ್' ಇನ್ನೊಂದು ಕ್ರಿಯಾಪದದ ಆಸರೆಯಿಲ್ಲದೆ ನಿಲ್ಲದು. ಅದರ ಮೇಲೆ ನಮಗೆ ಇಲ್ಲ, ಅಲ್ಲ, ಬೇಡ ಎಂಬ ಮೂರು ಬೇರೆ ಬೇರೆ ನಿರಾಕರಣೆಗಳಿವೆ. ತುಳುವಿನಲ್ಲಿ ಇಜ್ಜಿ, ಅತ್ತ್, ಬೊಡ್ಚಿ. ಕೊಂಕಣಿಯಲ್ಲಿ ನಾ, ನ್ಹಯ್, ನಾಕಾ. ಈ ಊರಿನ ಮಗು ಮೂರು ಭಾಷೆಯಲ್ಲಿ ಮಾತಾಡಿದರೂ ಇರದಿರುವುದನ್ನೂ ಬೇಡದಿರುವುದನ್ನೂ ಬೆರೆಸುವುದಿಲ್ಲ. ಹಾಗೆ ಬೆಳೆದ ಕಿವಿಗೆ ಒಂದೇ 'ವಾಂಟ್' ಬೇಕು ಎಂಬುದನ್ನೂ ಇಲ್ಲ ಎಂಬುದನ್ನೂ ಹೇಳುತ್ತದೆ ಎಂದರೆ ನಂಬಲು ಕಷ್ಟವೇ. ಕಲ್ಯಾಣಪುರದ ಹಿರಿಯರು ಎಡವಿದ್ದರಲ್ಲಿ ಆಶ್ಚರ್ಯವಿಲ್ಲ.

ಹಳೆಯ ಕನ್ನಡದ್ದು ಇನ್ನೂ ಸೊಗಸು. 'ಮಾಡಿದೆನು', 'ಮಾಡುವೆನು' ಇವುಗಳಲ್ಲಿ ಧಾತುವಿಗೂ ಪ್ರತ್ಯಯಕ್ಕೂ ನಡುವೆ ಕಾಲವನ್ನು ಸೂಚಿಸುವ ತುಣುಕಿದೆ. ಅದನ್ನು ತೆಗೆದುಬಿಡಿ: 'ಮಾಡೆನು'. ನಿಷೇಧವಾಯಿತು. ಏನನ್ನೂ ಸೇರಿಸಲಿಲ್ಲ, ಇದ್ದದ್ದನ್ನು ಕಳೆದೆವು. ಇಲ್ಲ ಎನ್ನುವುದನ್ನು ಇಲ್ಲದಿರುವಿಕೆಯಿಂದಲೇ ಹೇಳಿದ ವ್ಯಾಕರಣ ಇದು. ನಮ್ಮ ಮಂಗಳೂರಿನ ಬಾಸೆಲ್ ಮಿಷನ್ 1894ರಲ್ಲಿ ಹೊರತಂದ ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟನ್ನು ತೆರೆದು 'ಇಲ್ಲ', 'ಅಲ್ಲ', 'ಬೇಡ' ಈ ಮೂರನ್ನು ನೋಡಿ. ಒಂದು ಸಂಜೆ ಅದಕ್ಕೆಂದೇ ಕೊಟ್ಟರೂ ನಷ್ಟವಿಲ್ಲ.

ಆದರೂ ನಮ್ಮ ಕಚೇರಿ ಕನ್ನಡವೂ ಈಗ ಇಂಗ್ಲಿಷಿನ ದಾರಿ ಹಿಡಿದಿದೆ. 'ದಾಖಲೆಗಳ ಅಲಭ್ಯತೆಯ ಕಾರಣದಿಂದಾಗಿ' ಎಂದು ಬರೆಯುತ್ತಾರೆ. 'ದಾಖಲೆ ಸಿಗದ ಕಾರಣ' ಎಂದರೆ ಸಾಲದೇ? ಹಿಂದಿನ ಕಚೇರಿಗಳು ಪಾರಸಿಯಿಂದ ತಂದ 'ಬೇಬಾಕಿ ಪತ್ರ' ಎಷ್ಟು ಬಿಗಿಯಾದ ಪದ ನೋಡಿ! ಬಾಕಿ ಇಲ್ಲ ಎಂಬುದಕ್ಕೆ ಒಂದೇ ಅಕ್ಷರ ಮುಂದೆ ಬಂದಿದೆ. ಸಹಕಾರಿ ಸಂಘದ ಗುಮಾಸ್ತರಿಂದ ಹಿಡಿದು ಅಡಿಕೆ ಬೆಳೆಗಾರರವರೆಗೆ ಎಲ್ಲರಿಗೂ ಅದು ಅರ್ಥವಾಗುತ್ತದೆ.

ಕಾಪುವಿನ ಸೊಸೆ (ಸಂಜೆ 6.30)

ನಾನು ಸಾಮಾನ್ಯವಾಗಿ ಬರೆಯುವವಳಲ್ಲ, ಓದಿ ಸುಮ್ಮನಿರುತ್ತೇನೆ. ಇಂದು ಬರೆಯಬೇಕೆನಿಸಿತು.

ನಮ್ಮ ಕುಟುಂಬದ ಪಾಲುಪತ್ರವೊಂದು ಇಂಗ್ಲಿಷಿನಲ್ಲಿದೆ. ಅದರಲ್ಲಿ ನನ್ನ ಗಂಡನ ದೊಡ್ಡಮ್ಮನನ್ನು 'ಡೈಡ್ ಇಶ್ಯೂಲೆಸ್' ಎಂದು ಒಂದೇ ಪದದಲ್ಲಿ ಮುಗಿಸಿದ್ದಾರೆ. ಮಕ್ಕಳಿಲ್ಲದೆ ತೀರಿಕೊಂಡರು ಎಂದು. ಆದರೆ ಅವರು ತಂಗಿಯ ಐದು ಮಕ್ಕಳನ್ನು ಸಾಕಿದವರು. ನನ್ನ ಗಂಡ ಅವರನ್ನು ಕೊನೆಯವರೆಗೂ ಅಮ್ಮ ಎಂದೇ ಕರೆದರು. '-ಲೆಸ್' ಎಂಬ ಆ ಬಾಲವನ್ನು ನೋಡಿದಾಗಲೆಲ್ಲ ಅವರ ಬದುಕೇ ಖಾಲಿಯಾಗಿತ್ತು ಎಂದು ಯಾರೋ ಬರೆದಿಟ್ಟಂತೆ ಅನ್ನಿಸುತ್ತದೆ. ಮೇಷ್ಟ್ರೇ, ಇದಕ್ಕೆ ಬೇರೆ ಮಾತು ಇಲ್ಲವೇ?

ಅಜ್ಜರಕಾಡು ಮೇಷ್ಟ್ರು (ರಾತ್ರಿ 7.50)

ಇದೆ ತಾಯಿ. ಇಂಗ್ಲಿಷಿನಲ್ಲಿ ಇಲ್ಲದಿರುವುದಕ್ಕೆ ಎರಡು ಬಾಲಗಳಿವೆ: '-ಲೆಸ್' ಮತ್ತು '-ಫ್ರೀ'. ಮೊದಲನೆಯದು ಕಳೆದುಕೊಂಡ ದನಿ, ಎರಡನೆಯದು ಬಿಡುಗಡೆಯ ದನಿ. 'ಕೇರ್‌ಲೆಸ್' ಎಂದರೆ ಬೇಜವಾಬ್ದಾರಿ, 'ಕೇರ್‌ಫ್ರೀ' ಎಂದರೆ ನಿಶ್ಚಿಂತೆ. ಇತ್ತೀಚಿನ ಬರಹಗಳಲ್ಲಿ ಮಕ್ಕಳು ಬೇಡವೆಂದು ತಾವೇ ನಿರ್ಧರಿಸಿದವರು ತಮ್ಮನ್ನು 'ಚೈಲ್ಡ್‌ಫ್ರೀ' ಎಂದು ಕರೆದುಕೊಳ್ಳುವುದು ಇದೇ ಕಾರಣಕ್ಕೆ. ಕನ್ನಡದಲ್ಲೂ 'ಹೀನ' ಎಂದರೆ ಕೀಳುಮಾಡಿದಂತೆ, 'ರಹಿತ' ಎಂದರೆ ಬರೀ ಇಲ್ಲ, 'ಮುಕ್ತ' ಎಂದರೆ ಇಲ್ಲದ್ದೇ ಒಳ್ಳೆಯದಾಯಿತು. 'ರಕ್ತಹೀನತೆ' ಎಂಬುದು ಗ್ರೀಕ್ ಮೂಲದ 'ಅನೀಮಿಯಾ' ಪದದ ಕಟ್ಟಡವನ್ನೇ ಅನುಸರಿಸಿದೆ. ಆದರೆ ನಮ್ಮ 'ಹೀನ' ಆ ಕಾಯಿಲೆಗೆ ಒಂದು ಅವಮಾನವನ್ನೂ ಅಂಟಿಸಿತು ಎಂದು ನನಗೆ ಯಾವಾಗಲೂ ಅನ್ನಿಸಿದೆ.

ನಿಮ್ಮ ದೊಡ್ಡಮ್ಮನ ವಿಷಯದಲ್ಲಿ ಈ ಎರಡೂ ಬಾಲಗಳು ಸಲ್ಲವು. 'ಅವರಿಗೆ ಸ್ವಂತ ಮಕ್ಕಳಿರಲಿಲ್ಲ' ಎಂದು ಕ್ರಿಯಾಪದದಲ್ಲೇ ಹೇಳಬೇಕು. ಆಗ ಸಂಗತಿ ಮಾತ್ರ ಉಳಿಯುತ್ತದೆ, ಮನುಷ್ಯರಿಗೆ ಹಣೆಪಟ್ಟಿ ಬೀಳುವುದಿಲ್ಲ.

ಹಂಪನಕಟ್ಟೆ ವಕೀಲೆ (ರಾತ್ರಿ 8.15)

ಕಾಪುವಿನ ಅಕ್ಕ, ನೋಂದಣಿಯಾದ ಪತ್ರದ ಪದ ಬದಲಿಸಲಾಗದು. ಆದರೆ ಒಂದು ಮಾತು ನಿಮಗೆ ಸಮಾಧಾನ ಕೊಡಬಹುದು. ಹೆಣ್ಣಿನ ಕಡೆಯಿಂದ ವಂಶ ಎಣಿಸುವ ನಮ್ಮ ಕರಾವಳಿಯ ಅಳಿಯಸಂತಾನ ಪದ್ಧತಿಯ ಪ್ರಕಾರ ಸಂತತಿ ಎಂದರೆ ತಂಗಿಯ ಮಕ್ಕಳೂ ಹೌದು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲಿ 'ಸಂತತಿ ಕವರು', 'ನಿಸ್ಸಂತತಿ ಕವರು' (ಕವರು ಎಂದರೆ ಕುಟುಂಬದ ಒಂದು ಕವಲು) ಎಂಬ ಪದಗಳನ್ನು ಇಂಗ್ಲಿಷಿನ ನಡುವೆ ಹಾಗೆಯೇ ಉಳಿಸಿಕೊಂಡಿದ್ದಾರೆ. ಏಕೆಂದರೆ ನಾಲ್ಕು ಮಕ್ಕಳ ತಂದೆಯೊಬ್ಬ ಇದ್ದರೂ ವಂಶ ಮುಂದುವರಿಸುವ ಹೆಣ್ಣುಮಗಳಿಲ್ಲದ ಕವರು ನಿಸ್ಸಂತತಿಯಾಗಬಹುದು. 'ಇಶ್ಯೂಲೆಸ್' ಎಂಬ ಪದಕ್ಕೆ ಈ ಅರ್ಥ ಹೊರಲು ಸಾಧ್ಯವೇ ಇರಲಿಲ್ಲ. ನಿಮ್ಮ ದೊಡ್ಡಮ್ಮನ ಬಗ್ಗೆ ಬರೆದವರು ಹೊರಗಿನ ಪದವನ್ನು ಮನೆಯೊಳಗೆ ತಂದರು.

ಕಲ್ಯಾಣಪುರದವಳು (ಮಂಗಳವಾರ, ರಾತ್ರಿ 9.05)

ಎಲ್ಲರಿಗೂ ನಮಸ್ಕಾರ. ಪತ್ರದಲ್ಲಿ 'ಕ್ಲೋಸ್ಡ್' ಎಂದೇ ಇದೆ. ಉತ್ತರದ ಕರಡು ಬರೆದಿದ್ದೇನೆ. ನಿಮ್ಮ ಕಂಪನಿಯ ಕಡೆಯಿಂದ ಆದ 'ಲ್ಯಾಕ್ ಆಫ್ ಕಮ್ಯೂನಿಕೇಶನ್' ಕಾರಣ ನಮಗೆ ತೊಂದರೆಯಾಗಿದೆ ಎಂದು ಆರಂಭಿಸಿದ್ದೇನೆ. ಇದು ಸರಿ ಇದೆಯೇ?

ಹಂಪನಕಟ್ಟೆ ವಕೀಲೆ (ರಾತ್ರಿ 9.40)

ಆ ಸಾಲನ್ನು ಹೊಡೆದುಹಾಕಿ. ಅವರು ಹಿಂದಿನ ಯಾವುದೋ ಪತ್ರದ ಪ್ರತಿ ತೋರಿಸಿದರೆ ನಿಮ್ಮ 'ಲ್ಯಾಕ್' ಅಲ್ಲೇ ಬಿದ್ದುಹೋಗುತ್ತದೆ. 'ಫೇಲ್ಯೂರ್' ಎಂದೂ ಈಗ ಬೇಡ, ಅದನ್ನು ಲೋಕಪಾಲರ ಬಳಿ ಹೋಗುವ ದಿನಕ್ಕೆ ಉಳಿಸಿಕೊಳ್ಳಿ. ಸಂಗತಿಯನ್ನು ಕ್ರಿಯಾಪದದಲ್ಲಿ ಬರೆಯಿರಿ: ಈ ದಾಖಲೆಗಳನ್ನು ಕೇಳಿದ ಯಾವ ಪತ್ರವೂ ನಮಗೆ ಬಂದಿಲ್ಲ. ಕಡತ ಮುಚ್ಚಿದ್ದೇವೆ ಎಂಬ ಪತ್ರ ಇಂಥ ದಿನ ಬಂತು. ದಾಖಲೆಗಳನ್ನು ಇಂಥ ದಿನ ಶಾಖೆಗೆ ತಂದೆವು, ತೆಗೆದುಕೊಳ್ಳಲಿಲ್ಲ. ಈಗ ಲಗತ್ತಿಸಿದ್ದೇವೆ, ಒಟ್ಟು ಇಷ್ಟು ಪುಟ. ಕಡತ ತೆರೆದು ಇತ್ಯರ್ಥಪಡಿಸಿ. ಪುಟಗಳ ಸಂಖ್ಯೆ ಮರೆಯಬೇಡಿ, ನಾಳೆ ಇನ್ನೊಂದು 'ವಾಂಟ್' ಹುಟ್ಟಬಾರದು.

ಸುರತ್ಕಲ್ ನಿವೃತ್ತ (ರಾತ್ರಿ 9.55)

ಹೀಗೆ ಬರೆದರೆ ನನಗೂ ಅರ್ಥವಾಗುತ್ತದೆ, ಕಂಪನಿಗೂ ಆಗಲೇಬೇಕು.

ಕಲ್ಯಾಣಪುರದವಳು (ಗುರುವಾರ, ಸಂಜೆ 5.30)

ಪತ್ರ ನೋಂದಾಯಿತ ಅಂಚೆಯಲ್ಲಿ ಹೋಯಿತು, ಲಗತ್ತು 31 ಪುಟ. ಅಪ್ಪನೇ ಎಣಿಸಿ, ಪ್ರತಿ ಪುಟದ ಕೆಳಗೆ ಸಂಖ್ಯೆ ಹಾಕಿದರು. ಮೇಷ್ಟ್ರು ಹೇಳಿದ ಹಳೆಯ ಇಂಗ್ಲಿಷಿನ ಮಾತನ್ನು ಓದಿ ಹೇಳಿದಾಗ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು ಹೋಗಿ ಕಬ್ಬಿಣದ ಪೆಟ್ಟಿಗೆ ತೆರೆದು ಇನ್ನೊಂದು ಪತ್ರ ತಂದರು.

ಕಾರ್ಖಾನೆ ಮುಚ್ಚಿದ ವರ್ಷ ಬಂದದ್ದು. ಅವರಿಗೆ ಸಲ್ಲಬೇಕಾದ ಬಾಕಿ ಹಣದ ಬಗ್ಗೆ. ಅದರಲ್ಲೂ ಅದೇ ಮಾತಿದೆ, 'ಫಾರ್ ವಾಂಟ್ ಆಫ್' ಒಂದು ದೃಢೀಕರಣ ಪತ್ರ. ಅದನ್ನೂ ಬೇಕಂತೆ ಎಂದುಕೊಂಡು ಅಂದೇ ಕಳುಹಿಸಿದ್ದರಂತೆ, ಮತ್ತೆ ಉತ್ತರ ಬರಲಿಲ್ಲವಂತೆ. ಹಣ ಹೋಯಿತು ಎಂದುಕೊಂಡು ಬಿಟ್ಟುಬಿಟ್ಟರು. ಪತ್ರದ ಮಡಿಕೆ ಹರಿಯುವ ಹಾಗಿದೆ, ಆದರೆ ಕಡತದ ಸಂಖ್ಯೆ ಓದಬಹುದು.

ವಕೀಲ ಮೇಡಂ, ಇದಕ್ಕೇನಾದರೂ ದಾರಿ ಇದೆಯೇ?

ಹಂಪನಕಟ್ಟೆ ವಕೀಲೆ (ಸಂಜೆ 6.10)

ನೋಡದೆ ಹೇಳಲಾರೆ. ಆ ಸಂಖ್ಯೆಯನ್ನು ಇಲ್ಲಿ ಹಾಕಬೇಡಿ. ಮೂಲ ಪತ್ರವನ್ನು ಮಡಿಕೆ ಬಿಡಿಸದೆ ಒಂದು ರಟ್ಟಿನ ಮೇಲಿಟ್ಟು, ಶನಿವಾರ ತಂದೆಯವರನ್ನೂ ಕರೆದುಕೊಂಡು ನನ್ನ ಕಚೇರಿಗೆ ಬನ್ನಿ. ಅಂದು ಅವರು ಕಳುಹಿಸಿದ್ದರ ಅಂಚೆ ರಸೀದಿ ಪೆಟ್ಟಿಗೆಯಲ್ಲಿ ಇದೆಯೇ ಎಂದು ಇಂದೇ ಹುಡುಕಿಸಿ.